ಮಂಚದ ಬದಿಯ ಗುಂಡಿ

ಗೆಳತಿಯರೇ, ಇದನ್ನು ಬರೆಯದೆಯೇ ಬಿಡುವವಳಿದ್ದೆ. ಉಡುಪಿಯ ನಮ್ಮ ಆಸ್ಪತ್ರೆಗೆ ಹೊಸ ಕರೆಗಂಟೆ ಬಂದಿದೆ. ರೋಗಿ ಮಂಚದ ಬದಿಯ ಗುಂಡಿ ಒತ್ತಿದರೆ ನರ್ಸುಗಳ ಕೋಣೆಯ ಫಲಕದಲ್ಲಿ ದೀಪ ಉರಿಯುತ್ತದೆ. ಗುಂಡಿಗಳ ಮೇಲೆ ಇಂಗ್ಲಿಷಿನ ಬದಲು ‘ಆಪತ್ಸೂಚನೆ’ ಎಂದು ಬರೆಸಿದವಳು ಇಲ್ಲಿನ ಕಚೇರಿ ನೋಡಿಕೊಳ್ಳುವ ನಾನು.

ಇವತ್ತು ಉಚ್ಚಿಲದ ಮೀನು ಮಾರುವ ಅಜ್ಜಿ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನರ್ಸುಗಳ ಕೋಣೆಗೆ ನಡೆದೇ ಬಂದರು. ಸೀರೆಗೆ ರಕ್ತ ತಾಗಿತ್ತು.

“ಗುಂಡಿ ಉಂಟಲ್ಲ ಅಜ್ಜಿ, ಯಾಕೆ ಒತ್ತಲಿಲ್ಲ?” ಎಂದೆ.

“ಮಗಳು ಓದಿ ಹೇಳಿದಳು. ಕಾಯಿಲೆಯಲ್ಲಿ ಮಲಗಿದವರು ಆಪತ್ತಿನ ಹೆಸರು ಎತ್ತುವುದುಂಟಾ ಮಾರಾಯ್ತಿ?”

ಡಾಕ್ಟರು ಹೊಲಿಗೆ ಮತ್ತೆ ಹಾಕಿದರು, ಅಜ್ಜಿ ಕ್ಷೇಮ. ನಾನು ಗುಂಡಿಗಳ ಮೇಲಿನ ಬರಹವನ್ನು ‘ನರ್ಸಮ್ಮನನ್ನು ಕರೆಯಿರಿ’ ಎಂದು ಬದಲಾಯಿಸಿದೆ. ಸಂಜೆಯೊಳಗೆ ಅಜ್ಜಿಯ ದೀಪ ಉರಿಯಿತು. ನರ್ಸ್ ಓಡಿದರು.

“ಎಂತ ಇಲ್ಲ ನರ್ಸಮ್ಮ. ನಿಮ್ಮದು ಚಾ ಆಯ್ತಾ?”

ಈಗ ಫಲಕದ ದೀಪಗಳೆಲ್ಲ ಉರಿಯುತ್ತಿವೆ. ಯಾವುದು ಆಪತ್ತು, ಯಾವುದು ಬರೀ ಉಪಚಾರದ ಮಾತು ಎಂದು ತಿಳಿಯದೆ ನರ್ಸುಗಳು ಎಲ್ಲದಕ್ಕೂ ಓಡುತ್ತಿದ್ದಾರೆ. ನನ್ನನ್ನು ಮಾತ್ರ ಯಾರೂ ಚಾ ಆಯ್ತಾ ಎಂದು ಕೇಳಲಿಲ್ಲ.

ಅಂಚೆಗೆ ಹಾಕುವುದು ನಾಳೆ, ೧೪ ಜುಲೈ ೧೯೬೪.