ಅಟ್ಟದಡಿಯ ಊಟ

ಬಿಳಿಗೆರೆಯಲ್ಲಿ ನಮ್ಮ ಪಕ್ಕದ ಮನೆಯ ಬಡಗಿಯಣ್ಣ, ತೆಂಗಿನಕಾಯಿ ಒಣಗಿ ಕೊಬ್ಬರಿಯಾಗಲು ಪೇರಿಸಿಡುವ ಅಟ್ಟಗಳನ್ನು ಕಟ್ಟುತ್ತಿದ್ದರು. ಹೊಸ ಅಟ್ಟಕ್ಕೆ ಕಾಯಿ ತುಂಬಿದ ದಿನ ಅದರಡಿಯೇ ಕೂತು ಉಣ್ಣುತ್ತಿದ್ದರು. ‘ಬಿದ್ರೆ ಮೊದ್ಲು ಕಟ್ಟಿದೋನ್ ತಲೆ ಮೇಲೇ ಬೀಳ್ಲಿ ಕಣಪ್ಪ’ ಎನ್ನುವರು.

ಒಮ್ಮೆ ನಾನೂ ಅವರೂ ಮುಂಬೈಗೆ ಹೋಗಿದ್ದೆವು. ಅಲ್ಲಿನ ಹಳೆಯ ದೊಡ್ಡ ರೈಲು ನಿಲ್ದಾಣದೊಳಗೆ ಬಡಗಿಯಣ್ಣ ಎತ್ತಿದ ತಲೆ ಇಳಿಸಲೇ ಇಲ್ಲ. ಕಲ್ಲಿನ ಕಂಬಗಳು ಮೇಲೆ ಹೋಗಿ ಕೊಂಬೆಗಳಂತೆ ಕವಲೊಡೆದು ಚಾವಣಿ ಹೊತ್ತಿದ್ದವು. ನೂರು ವರ್ಷಕ್ಕೂ ಹಳೆಯದಂತೆ ಎಂದೆ. ಅವರು ಓಡುವ ಜನರ ನಡುವೆಯೇ ಟವಲ್ ಹಾಸಿ ಕೂತು ರೊಟ್ಟಿಯ ಗಂಟು ಬಿಚ್ಚಿದರು. ಮೊದಲ ತುತ್ತನ್ನು ಮುರಿದು ಪಕ್ಕಕ್ಕಿಟ್ಟರು.

‘ಅದ್ಯಾರಿಗಣ್ಣ?’ ಎಂದೆ.

‘ಇದ್ನ ಕಟ್ಟಿದೋನ್ಗೆ. ಅವ್ನೂ ಒಂದಿನ ಇಲ್ಲೇ ಕೂತು ಉಂಡಿರ್ತಾನೆ.’