ನಾನು ಒಣಗಿಸಿದ ಕೆರೆ

ತುಂಬಿದ ಕೆರೆಯೊಂದನ್ನು ನಾನು ಒಮ್ಮೆ ಒಂದೇ ವಾಕ್ಯದಲ್ಲಿ ಒಣಗಿಸಿದ್ದೇನೆ. ಬಿಸಿಲಿಗೆ ಆ ಕೆಲಸಕ್ಕೆ ತಿಂಗಳುಗಟ್ಟಲೆ ಬೇಕು. ನನಗೆ ಒಂದು ಬಟ್ಟಲು ಚಹಾ ಆರುವಷ್ಟು ಹೊತ್ತು ಸಾಕಾಯಿತು. ಇದನ್ನು ಜಂಬದಿಂದ ಹೇಳುತ್ತಿಲ್ಲ. ಅದನ್ನು ಮತ್ತೆ ತುಂಬಿಸಲು ಎರಡು ಬಸ್ಸು ಬದಲಿಸಿ, ಮಿಶ್ರಿಕೋಟಿಯ ಒಬ್ಬ ಅಜ್ಜಿಯ ಎದುರು ಕೈಕಟ್ಟಿ ಕೂಡಬೇಕಾಯಿತು.

ಎಪ್ಪತ್ತರ ದಶಕದ ಮಾತು. ನವಲಗುಂದದ ಕಡೆಯ ಒಂದು ಊರಿನ ಹೈಸ್ಕೂಲಿನಲ್ಲಿ ನಾನು ಮಾಸ್ತರನಾಗಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಒಮ್ಮೆ ಹೇಳಿ ಪಟ್ಟದ್ದು ಸಾಕು. ಎರೆ ನೆಲದ ಊರು. ಬಾವಿ ತೋಡಿದರೆ ಸವಳು ನೀರು, ಬಾಯಿಗೆ ಹಾಕಿದರೆ ಉಗುಳಲೇಬೇಕು. ಹೀಗಾಗಿ ಕುಡಿಯಲು ಮಳೆನೀರು ಹಿಡಿದ ಕೆರೆಯೊಂದೇ ಗತಿ. ಆ ಕೆರೆಗೆ ಇದ್ದ ಮರ್ಯಾದೆ ನಮ್ಮ ಹೆಡ್ ಮಾಸ್ತರರಿಗೂ ಇರಲಿಲ್ಲ. ಅದರಲ್ಲಿ ಬಟ್ಟೆ ಒಗೆಯುವಂತಿಲ್ಲ, ದನ ಇಳಿಸುವಂತಿಲ್ಲ, ಕಾಲು ತೊಳೆಯುವಂತಿಲ್ಲ. ನೀರಿಗೆ ಇಳಿಯುವವರು ಯಾರೇ ಇರಲಿ, ಮೇಲಿನ ಮೆಟ್ಟಿಲ ಹತ್ತಿರವೇ ಚಪ್ಪಲಿ ಬಿಡಬೇಕು.

ನಾನು ಮಾತ್ರ ನೀರಿಗೆ ಇಳಿಯುವವನಲ್ಲ. ದಿನಾ ಸಂಜೆ ಊರಿನಿಂದ ಮೈಲಿಗೂ ಮಿಕ್ಕಿ ನಡೆದುಹೋಗಿ, ಏರಿಯ ಮೇಲೆ ಕುಳಿತು ಅರ್ಥ ಹುಡುಕುವವನು. ಆಗ ಕಥೆ ಬರೆಯುವವರಿಗೆಲ್ಲ ಅದೊಂದು ಜಡ್ಡು ಹತ್ತಿತ್ತು. ಕಥೆಯಲ್ಲಿ ಹಾವು ಬಂದರೆ ಅದು ಕಾಮ, ಕಾಗೆ ಬಂದರೆ ಸಾವು, ಬಾಗಿಲು ಕಿರ್ ಅಂದರೆ ಸಮಾಜ. ಹಲ್ಲಿ ಕೂಡ ಸುಮ್ಮನೆ ಲೊಚಗುಡುವಂತಿರಲಿಲ್ಲ. ಲೊಚಗುಟ್ಟಿದರೆ ವಿಮರ್ಶಕರೊಬ್ಬರು ಎದ್ದು ನಿಂತು ಅದು ಯಾರ ಅಂತರಾತ್ಮ ಎಂದು ವಿವರಿಸುತ್ತಿದ್ದರು. ಹಳೆಯ ಕವಿಗಳೇನು ಕಡಿಮೆಯಲ್ಲ ಬಿಡಿ. ಚಾತಕ ಪಕ್ಷಿಗೆ ಮಳೆಹನಿ ಬಿಟ್ಟು ಬೇರೆ ನೀರು ಮುಟ್ಟಗೊಡಲಿಲ್ಲ, ಚಕೋರವನ್ನು ಬರೀ ಬೆಳದಿಂಗಳ ಮೇಲೆ ಉಪವಾಸ ಕೆಡವಿದರು, ಹಂಸಕ್ಕೆ ಹಾಲು ಬೇರೆ ನೀರು ಬೇರೆ ಮಾಡುವ ಚಾಕರಿ ಹಚ್ಚಿದರು. ಆದರೆ ಅವರು ಒಂದು ಜಾಣತನ ಮಾಡಿದ್ದರು. ಆ ಹಕ್ಕಿಗಳು ಯಾವ ತಾಲೂಕಿನವು ಎಂದು ಬರೆಯಲಿಲ್ಲ.

ನಾನು ಬರೆದೆ. ನನ್ನ ಕಥೆಯ ನಾಯಕ ನನ್ನಂತೆಯೇ ಒಬ್ಬ ಹರೆಯದ ಮಾಸ್ತರ. ಅವನ ಒಳಗೆಲ್ಲ ಖಾಲಿ. ಯಾಕೆ ಖಾಲಿ ಎಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆಗ ಖಾಲಿ ಇರುವುದು ರೂಢಿಯಲ್ಲಿತ್ತು. ಆ ಖಾಲಿತನಕ್ಕೊಂದು ಸಂಕೇತ ಬೇಕಾಗಿತ್ತು. ಎದುರಿಗಿದ್ದ ಕೆರೆ ನೋಡಿದರೆ ತುಂಬಿ ತುಳುಕುತ್ತಿತ್ತು. ಅಂಥ ಕೆರೆಯಿಂದ ನನಗೇನು ಉಪಯೋಗ? ಒಣಗಿಸಿದೆ. ತಳದ ಮಣ್ಣನ್ನು ಬಿರುಕು ಬಿಡಿಸಿ, ಅದರ ಮೇಲೆ ನಾಯಕನನ್ನು ಚಪ್ಪಲಿ ಮೆಟ್ಟಿಸಿ ನಡೆಸಿದೆ. ಹಿನ್ನೆಲೆಗಿರಲಿ ಎಂದು, ಕೊಡ ಹೊತ್ತ ಹೆಂಗಸರು ನೆರಳುಗಳಂತೆ ಸರಿದುಹೋದರು ಎಂದೂ ಸೇರಿಸಿದೆ. ಒಣಗಿದ ಕೆರೆಯಿಂದ ಅವರು ಏನು ಹೊತ್ತುಕೊಂಡು ಹೋದರು ಎಂದು ಸಂಪಾದಕರೂ ಕೇಳಲಿಲ್ಲ. ನೈಜತೆ ಬರಲೆಂದು ಊರಿನ ಹೆಸರನ್ನು ಇದ್ದಂತೆಯೇ ಇಟ್ಟೆ.

ಕಥೆ ಒಂದು ವಾರಪತ್ರಿಕೆಯಲ್ಲಿ ಅಚ್ಚಾಯಿತು. ಹುಬ್ಬಳ್ಳಿಯ ಗೆಳೆಯನೊಬ್ಬ ಕಾರ್ಡು ಬರೆದು, ಆ ಕೆರೆ ನನ್ನನ್ನು ಮೂರು ದಿನ ಕಾಡಿತು ಎಂದ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅದಾಗಿ ವಾರದೊಳಗೆ ನಿಂಗಪ್ಪ ಕಾಕಾ ಅದೇ ಪತ್ರಿಕೆ ಹಿಡಿದುಕೊಂಡು ಬಂದರು. ನಾನು ಬಾಡಿಗೆಗಿದ್ದ ಖೋಲಿ ಅವರದೇ. ಅವರ ಮಗ ಮಲ್ಲೇಶಿಗೆ ಮಿಶ್ರಿಕೋಟಿಯ ಶಾಂತವ್ವ ಎಂಬ ಹುಡುಗಿ ಗೊತ್ತಾಗಿ, ನಿಶ್ಚಯಕ್ಕೆ ದಿನ ನೋಡುವುದಷ್ಟೇ ಉಳಿದಿತ್ತು.

"ಮಾಸ್ತರ್ರ, ನಮ್ಮ ಕೆರಿ ಯಾವಾಗ ಒಣಗಿತ್ರಿ?" ಎಂದರು.

ನಡೆದದ್ದಿಷ್ಟು. ಹುಡುಗಿಯ ಸೋದರಮಾವ ಓದುವ ಚಟದವನು. ಕಥೆಯಲ್ಲಿ ಬೀಗರಾಗುವವರ ಊರಿನ ಹೆಸರು ಕಂಡು ಮನೆಮಂದಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದ. ನಮ್ಮ ಎರೆಸೀಮೆಗೆ ಹೆಣ್ಣು ಕೊಡುವವರು ಹೊಲ, ಮನೆ, ಹುಡುಗನ ಗುಣ ಎಲ್ಲವನ್ನೂ ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು ನೀರು. ಮಿಶ್ರಿಕೋಟಿ ಇರುವ ಕಲಘಟಗಿ ಕಡೆಯವರಂತೂ ಭತ್ತದ ಗದ್ದೆಯಲ್ಲಿ ಕಾಲಾಡಿಸಿ ಬೆಳೆದವರು. ಕೆರೆ ಬತ್ತಿದ ಊರಿಗೆ ಕೂಸನ್ನು ಕೊಡುವುದಿಲ್ಲ ಎಂದು ಶಾಂತವ್ವನ ಅಜ್ಜಿ ಹೇಳಿ ಕಳಿಸಿದ್ದಳು.

"ಕಾಕಾ, ಅದು ಖರೇ ಕೆರಿ ಅಲ್ಲ. ಮನಸ್ಸಿನ ಕೆರಿ," ಎಂದೆ.

"ಊರಿನ ಹೆಸರು ಖರೇದ್ದ ಬರದೀರಿ. ಮ್ಯಾಲ ಅಂವ ಚಪ್ಪಲಿ ಮೆಟ್ಟಿ ಒಳಗ ಇಳಿದಾನ. ಅದೂ ಮನಸ್ಸಿನ ಚಪ್ಪಲಿ ಏನ್ರಿ?"

ನೀರು ಹೋದದ್ದಕ್ಕಿಂತ ಚಪ್ಪಲಿ ಇಳಿದದ್ದು ಅವರಿಗೆ ಹೆಚ್ಚು ನೋವಾಗಿತ್ತು. ಪತ್ರಿಕೆ ಮಡಚಿ ಬಗಲಿಗಿಟ್ಟುಕೊಂಡು, "ಮುಂಜಾನೆ ಮಿಶ್ರಿಕೋಟಿಗೆ ಹೋಗೂಣು. ನೀವ ಒಣಗಿಸೀರಿ, ನೀವ ತುಂಬಸ್ರಿ," ಎಂದು ಎದ್ದುಹೋದರು.

ಮುಂಜಾನೆ ಬಸ್ಸಿಗೆ ನಿಂತಾಗ ಕಾಕಾ ಹಾಲಕ್ಕಿಯ ದನಿ ಯಾವ ಕಡೆಯಿಂದ ಬಂತೆಂದು ಕಿವಿಗೊಟ್ಟು ಕೇಳುತ್ತಿದ್ದರು. ಶಕುನ ಚಲೋ ಇದೆ ಎಂದರು. ನನಗೆ ನಗು ಬಂತು, ಬಂದದ್ದು ಅಲ್ಲಿಯೇ ನಿಂತಿತು. ಕಾಕಾ ಒಂದು ಹಕ್ಕಿಯ ದನಿಗೆ ಮಗನ ಮದುವೆ ಕಟ್ಟಿದ್ದರು. ನಾನು ಒಂದು ಕೆರೆಯ ಕೊರಳಿಗೆ ನನ್ನ ಖಾಲಿತನ ಕಟ್ಟಿದ್ದೆ. ವ್ಯತ್ಯಾಸ ಇಷ್ಟೇ. ಕಾಕಾ ಆ ಹಕ್ಕಿಯನ್ನು ಅದು ಕುಳಿತ ಕೊಂಬೆಯ ಮೇಲೆಯೇ ಬಿಟ್ಟಿದ್ದರು.

ಮಿಶ್ರಿಕೋಟಿಯಲ್ಲಿ ಅಜ್ಜಿ ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದಳು. ಸಂಕೇತವೆಂದರೇನು, ಕಥೆಗಾರ ಹೊರಗಿನ ಪ್ರಕೃತಿಯಲ್ಲಿ ಒಳಗಿನ ಸ್ಥಿತಿಯನ್ನು ಹೇಗೆ ತೋರಿಸುತ್ತಾನೆ ಎಂದೆಲ್ಲ ನಾನು ಅರ್ಧ ತಾಸು ವಿವರಿಸಿದೆ. ನನ್ನ ವಿದ್ಯಾರ್ಥಿಗಳಿಗೆ ಅಷ್ಟು ಶ್ರದ್ಧೆಯಿಂದ ಎಂದೂ ಪಾಠ ಮಾಡಿರಲಿಲ್ಲ.

"ಅಂದ್ರ ಖಾಲಿ ಇದ್ದದ್ದು ನಿನ್ನ ಎದಿ," ಎಂದಳು ಅಜ್ಜಿ.

"ಹೌದ್ರಿ ಯವ್ವಾ."

"ಹಂಗಂತ ಬರೀಬೇಕಿಲ್ಲೇನಪಾ. ಕೆರಿ ಮ್ಯಾಲ ಯಾಕ ಹಾಕಿದಿ?"

ನನ್ನ ಕಥೆಗಳ ಬಗ್ಗೆ ಮುಂದೆ ಬಂದ ವಿಮರ್ಶೆಗಳನ್ನೆಲ್ಲ ಸೇರಿಸಿದರೂ ಈ ಒಂದು ಪ್ರಶ್ನೆಯ ತೂಕವಾಗುವುದಿಲ್ಲ. ಕೆರೆಯಲ್ಲಿ ವರ್ಷಪೂರ್ತಿ ಸಿಹಿನೀರಿದೆ ಎಂದು ಆಣೆ ಮಾಡಿದೆ. ಅದು ನಿಜವಾಗಿತ್ತು. ಆಗ ಅಜ್ಜಿ ಕಾಯಿ ಬಿಡಿಸುವುದನ್ನು ನಿಲ್ಲಿಸಿ ಕೇಳಿದಳು:

"ಮನಿಗಿ ಎಷ್ಟು ದೂರ ಆಕ್ಕೈತಿ?"

ಮನೆ ನೋಡಲು ಬಂದಿದ್ದ ಅವರ ಗಂಡಸರು ತಂಬಿಗೆಯಲ್ಲಿ ಕೊಟ್ಟ ನೀರು ಕುಡಿದು ಹೋಗಿದ್ದರೇ ಹೊರತು ಅದು ಎಲ್ಲಿಂದ ಬಂತೆಂದು ಕೇಳಿರಲಿಲ್ಲ. ನಾನು ಕಾಕಾನ ಮುಖ ನೋಡಿದೆ. ಕಾಕಾ ಅವರೆಕಾಯಿ ನೋಡುತ್ತಿದ್ದರು. "ಊರ ಬಾಜೂಕ ಐತ್ರಿ," ಎಂದುಬಿಟ್ಟೆ. ಮೊದಲು ಕೆರೆಯನ್ನು ಒಣಗಿಸಿದ್ದವನು ಈಗ ಅದನ್ನು ಎತ್ತಿ ಒಂದು ಮೈಲಿ ಈಚೆಗೆ ತಂದಿಟ್ಟೆ. ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು. ಅದಕ್ಕೆ ಏನು ಅರ್ಥ ಎಂದು ಆ ದಿನ ನಾನು ಹುಡುಕಲಿಲ್ಲ; ಹುಡುಕಬೇಕಾದದ್ದು ಅದೊಂದೇ ಆಗಿತ್ತು.

ಮದುವೆಯಾಯಿತು. ನಾನು ಹೋಳಿಗೆ ಉಂಡೆ. ಕೆಲವು ತಿಂಗಳು ಏರಿಯ ಕಡೆ ಹೋಗಲು ನಾಚಿಕೆಯಾಗಿ, ಆಮೇಲೆ ಚಟ ಬಿಡದೆ ಮತ್ತೆ ಹೋಗಿ ಕೂಡತೊಡಗಿದೆ. ಒಂದು ಸಂಜೆ ಶಾಂತವ್ವ ತಾಮ್ರದ ಕೊಡ ತುಂಬಿಕೊಂಡು ಮೆಟ್ಟಿಲು ಹತ್ತಿ ಬಂದವಳು, ದಣಿವಾರಿಸಿಕೊಳ್ಳಲು ಅದನ್ನು ನನ್ನ ಹತ್ತಿರವೇ ಇಳಿಸಿದಳು.

"ನಿಮ್ಮ ಕಥಿ ನಾನೂ ಕೇಳೇನ್ರಿ ಮಾಸ್ತರ್ರ. ಮಾವ ಓದಿದಾಗ ಅಲ್ಲೇ ಇದ್ದೆ."

"ಹೆಂಗಿತ್ತವಾ?" ಎಂದೆ. ಕಥೆಗಾರರ ಜಾತಿಯೇ ಅಂಥದು; ಇಂಥ ಹೊತ್ತಿನಲ್ಲೂ ಕೇಳದೆ ಬಿಡುವುದಿಲ್ಲ.

"ಕೆರಿ ಒಣಗಿದ್ದು ಸುಳ್ಳು, ಬಾಜೂಕ ಇದ್ದದ್ದೂ ಸುಳ್ಳು. ಇರ್ಲಿ ಬಿಡ್ರಿ. ಆದ್ರ ಹೆಂಗಸರು ನೆರಳಿನಂಗ ಹೋದ್ರು ಅಂತ ಬರದೀರಲ್ಲ. ಈ ಕೊಡ ಒಮ್ಮಿ ಎತ್ತಿ ನೋಡ್ರಿ."

ಎತ್ತಿದೆ. ಮೊಣಕಾಲಿನವರೆಗೆ ಬಂತು, ಮುಂದೆ ಬರಲಿಲ್ಲ. ವಾಲಿ, ಅರ್ಧ ನೀರು ನನ್ನ ಧೋತರದ ಮೇಲೆ ಸುರಿಯಿತು. ಇಷ್ಟು ವರ್ಷ ಆ ಏರಿಯ ಮೇಲೆ ಕುಳಿತು ಹುಡುಕಿದ ಅರ್ಥ ಕೊನೆಗೂ ತಣ್ಣಗೆ ಕಾಲಿಗೆ ತಾಗಿತು. ಶಾಂತವ್ವ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ನನಗೇ ತಡೆಯಲಾಗಲಿಲ್ಲ. ನಾನೇ ತುಂಬಿ ತರುತ್ತೇನೆ ಎಂದು ಕೊಡ ಅಪ್ಪಿಕೊಂಡು, ಆ ಊರಿಗೆ ಬಂದ ಮೇಲೆ ಮೊದಲ ಸಲ ನೀರಿನ ಕಡೆ ಹೊರಟೆ.

"ಚಪ್ಪಲಿ ಬಿಡ್ರಿ ಮಾಸ್ತರ್ರ," ಎಂದಳು.