ಲಬಾರ್ತನ ಕುಶಲ ಸಮಾಚಾರ

ಎದುರಿಗಿದ್ದವರ ಮುಖ ಸಪ್ಪಗಾದರೆ ಎಟಿಯೆನ್ ಲಬಾರ್ತನಿಗೆ ತಡೆಯುತ್ತಿರಲಿಲ್ಲ. ಅದೇ ಅವನ ರೋಗ. ಕುರ್ಚಿಯಿಂದ ಏಳುವ ಗಿರಾಕಿಯ ಗಲ್ಲವೂ ನುಣ್ಣಗಿರಬೇಕು, ಮನಸ್ಸೂ ನುಣ್ಣಗಿರಬೇಕು ಎಂದು ಬೋರ್ಡೋದಲ್ಲಿ ಅವನಿಗೆ ಕಸುಬು ಕಲಿಸಿದ ಸೋದರಮಾವ ಹೇಳಿದ್ದನಂತೆ. ಗಲ್ಲದ ಮಟ್ಟಿಗೆ ನಿಲ್ಲಿಸಿಕೊಂಡಿದ್ದರೆ ಈ ಪುಣ್ಯಾತ್ಮ ಇವತ್ತಿಗೂ ಫಿಲಡೆಲ್ಫಿಯಾದ ನಮ್ಮ ಬೀದಿಯಲ್ಲೇ ಇರುತ್ತಿದ್ದ.

ಅವನ ಕ್ಷೌರದಂಗಡಿ ಅಮೆರಿಕದ ಕಾಂಗ್ರೆಸ್ ಸಭೆ ಕೂಡುವ ಕಟ್ಟಡದಿಂದ ಕೂಗಳತೆಯಲ್ಲಿತ್ತು. ದೇಶ ಕಟ್ಟಿದ ದೊಡ್ಡ ಮನುಷ್ಯರ ಗಡ್ಡವೆಲ್ಲ ಅಲ್ಲೇ ಉದುರುತ್ತಿತ್ತು. ಅವರ ಪೈಕಿ ಇಬ್ಬರು ಬಂದರೆ ಲಬಾರ್ತನಿಗೆ ಹಬ್ಬ. ಒಬ್ಬರು ಕನೆಕ್ಟಿಕಟ್ಟಿನ ಸೆನೆಟರ್ ಗಿಡಿಯನ್ ಥರ್ಲೋ, ಇನ್ನೊಬ್ಬರು ವರ್ಜೀನಿಯಾದ ಪ್ರತಿನಿಧಿ ಆಂಬ್ರೋಸ್ ವೆಡರ್ಬಿ. ಸ್ವಾತಂತ್ರ್ಯ ಯುದ್ಧದಲ್ಲಿ ಒಂದೇ ಕಂಬಳಿ ಹೊದ್ದು ಮಲಗಿದವರು, ಆಮೇಲೆ ಊಟ ವಸತಿಯ ಮನೆಯಲ್ಲಿ ಒಂದೇ ಕೋಣೆ ಹಿಡಿದವರು. ಒಬ್ಬರ ಮುಖಕ್ಕೆ ನೊರೆ ಹಚ್ಚುವಾಗ ಇನ್ನೊಬ್ಬರು ಕಾಲೆಳೆಯುತ್ತಿದ್ದರು.

ಅಧ್ಯಕ್ಷ ಆಡಮ್ಸರಿಗೂ ಉಪಾಧ್ಯಕ್ಷ ಜೆಫರ್ಸನ್ನರಿಗೂ ಎಣ್ಣೆ ಸೀಗೆಕಾಯಿ ಆದಮೇಲೆ ಕೆಳಗಿನವರು ಸುಮ್ಮನಿರುತ್ತಾರೆಯೇ? ಎದುರಾದರೆ ಟೋಪಿ ತೆಗೆಯಬೇಕಾದೀತೆಂದು ಹಳೆಯ ಗೆಳೆಯರು ರಸ್ತೆಯ ಆಚೆ ಬದಿಗೆ ದಾಟುವ ಕಾಲ ಬಂತು. ತಲೆ ನೋಡಿದರೆ ಸಾಕು, ಪಕ್ಷ ಗೊತ್ತಾಗುತ್ತಿತ್ತು. ಪೌಡರ್ ಹಾಕಿದ ಹಿಂಜುಟ್ಟು ಎಂದರೆ ಆಡಮ್ಸರ ಕಡೆ, ಇಂಗ್ಲೆಂಡಿನ ಸ್ನೇಹ. ಮೋಟು ಕೂದಲೆಂದರೆ ಜೆಫರ್ಸನ್ನರ ಕಡೆ, ಫ್ರಾನ್ಸಿನ ಸ್ನೇಹ. ಇಂಗ್ಲೆಂಡಿನ ಜೊತೆ ಒಪ್ಪಂದವಾದ ವರ್ಷ ವೆಡರ್ಬಿ ದಡದಡ ಒಳಗೆ ಬಂದು, "ಕತ್ತರಿಸಯ್ಯಾ ಈ ಬಾಲಾನ!" ಎಂದರು. ಲಬಾರ್ತ್ ಕತ್ತರಿಸಿದ. ಥರ್ಲೋ ಪಕ್ಕದ ಕುರ್ಚಿಯಿಂದ ಅರ್ಧ ನೊರೆಯಲ್ಲೇ ಎದ್ದು ಹೋದರು. ಅವತ್ತಿನಿಂದ ಒಬ್ಬರು ಬೆಳಿಗ್ಗೆ, ಒಬ್ಬರು ಮಧ್ಯಾಹ್ನ.

ಆದರೂ ಕುರ್ಚಿಯಲ್ಲಿ ಕೂತ ಮೇಲೆ ಇಬ್ಬರಿಗೂ ಇನ್ನೊಬ್ಬರ ಸುದ್ದಿಯದೇ ಚಪಲ.

"ಆ ಗೂಬೆ ಇನ್ನೂ ಬದುಕಿದಾನೇನಯ್ಯಾ?" ಎಂದು ವೆಡರ್ಬಿ ಕೇಳುವರು.

ಮಾರನೆಯ ಬೆಳಿಗ್ಗೆ ಲಬಾರ್ತ್ ಥರ್ಲೋ ಅವರ ಜುಟ್ಟಿಗೆ ಪೌಡರ್ ಉದುರಿಸುತ್ತ, "ವೆಡರ್ಬಿಯವರು ನಿಮ್ಮ ಆರೋಗ್ಯ ವಿಚಾರಿಸಿದ್ರು ಸ್ವಾಮಿ," ಎನ್ನುವನು. ಥರ್ಲೋ ಮುಖ ಗಂಟು ಹಾಕಿಕೊಂಡೇ ಇರುವರು, ಆದರೆ ಹೋಗುವಾಗ ಕೈಬಿಚ್ಚಿ ಕೊಡುವರು. ಮಧ್ಯಾಹ್ನ ವೆಡರ್ಬಿಯವರಿಗೂ ಇಂಥದೇ ಒಂದು ಸಿಹಿ ಸುಳ್ಳು. ಥರ್ಲೋ ಅವರ ಕಾಲು ಊದಿಕೊಂಡಾಗ, "ಬೆಚ್ಚಗೆ ಫ್ಲಾನೆಲ್ ಬಟ್ಟೆ ಸುತ್ತಿಕೊಳ್ಳೋಕೆ ಹೇಳು ಅಂದ್ರು," ಎಂದೂ ಸೇರಿಸಿದ. ಅದು ಅವನ ಹೆಂಡತಿ ಟೇಸಿಯ ಔಷಧ. ವೆಡರ್ಬಿ ಪಾಪ ಫ್ಲಾನೆಲ್ ಸುದ್ದಿಯನ್ನೇ ಎತ್ತಿದವರಲ್ಲ.

"ಬೇಡ ಎಟಿಯೆನ್. ನೀನು ಹೇಳಿದ್ದನ್ನ ಅವರು ನಂಬ್ತಿದಾರೆ," ಎಂದಳು ಟೇಸಿ. ಅವಳು ಕ್ವೇಕರ್ ಎಂಬ ಕ್ರೈಸ್ತ ಪಂಥದವಳು. ಸುಳ್ಳು ಹೇಳದವರು, ರಾಜನಿಗೂ ನೀನು ಎನ್ನುವವರು. ಈ ಫ್ರೆಂಚನನ್ನು ಮದುವೆಯಾದದ್ದಕ್ಕೆ ಅವರು ಅವಳನ್ನು ಹೊರಗೆ ಹಾಕಿದ್ದರು, ಆದರೂ ಮಾತು ಮಾತ್ರ ಹಾಗೇ ಉಳಿದಿತ್ತು.

"ನಂಬಿದ್ರೆ ಒಳ್ಳೇದೇ ಅಲ್ವೇನೇ? ಇವತ್ತಲ್ಲ ನಾಳೆ ಒಂದಾಗ್ತಾರೆ," ಎಂದು ನಕ್ಕ.

ಅವನಿಗೆ ನಗು ಬಂದದ್ದೇ ಆಶ್ಚರ್ಯ. ಆ ಬೇಸಿಗೆ ಫ್ರೆಂಚರಿಗೆ ನಗುವ ಬೇಸಿಗೆಯಾಗಿರಲಿಲ್ಲ. ಫ್ರಾನ್ಸಿನ ಜೊತೆ ಯುದ್ಧ ಇವತ್ತೋ ನಾಳೆಯೋ ಎನ್ನುವಂತಿತ್ತು. ಟೋಪಿಗೆ ಆಡಮ್ಸರ ಪಕ್ಷದ ಕಪ್ಪು ರಿಬ್ಬನ್ನಿನ ಹೂವು ಸಿಕ್ಕಿಸಿಕೊಂಡ ಪೋಕರಿಗಳು ಅವನ ಕಿಟಕಿಗೆ ಕಲ್ಲು ಬೀರಿ ಹೋಗಿದ್ದರು. ಆ ಹೂವು ಸಿಕ್ಕಿಸಿಕೊಂಡರೆ ಮೋಟು ಕೂದಲಿನವರು ಬರುವುದಿಲ್ಲ, ಸಿಕ್ಕಿಸಿಕೊಳ್ಳದಿದ್ದರೆ ಕಿಟಕಿ ಉಳಿಯುವುದಿಲ್ಲ. ಅದಕ್ಕೂ ಮಿಗಿಲಾಗಿ, ಅನುಮಾನ ಬಂದ ಪರದೇಶಿಯನ್ನು ವಿಚಾರಣೆಯಿಲ್ಲದೆ ಹಡಗು ಹತ್ತಿಸುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡುವ ಮಸೂದೆ ಬಂದಿತ್ತು. ಲಬಾರ್ತ್ ಇನ್ನೂ ಪರದೇಶಿಯೇ. ಕೋರ್ಟಿಗೆ ಹೋಗಿ ಪ್ರಮಾಣ ಮಾಡಿದ್ದರೆ ಎಂದೋ ಇಲ್ಲಿಯವನಾಗುತ್ತಿದ್ದ. ಪ್ರತಿ ಸಲವೂ ಅಂಗಡಿ ತುಂಬ ಜನ, ನಾಳೆ ಹೋದರಾಯಿತು ಎಂದು ಬಿಟ್ಟ. ಈಗ ಕಾನೂನು ಬಿಗಿಯಾಗಿ, ಆ ನಾಳೆ ಬಹಳ ದೂರ ಹೋಗಿಬಿಟ್ಟಿತ್ತು. ಇತ್ತ ಟೇಸಿಯ ತಾಯಿ ಲಕ್ವ ಹೊಡೆದು ಅಂಗಡಿಯ ಮೇಲಿನ ಕೋಣೆಯಲ್ಲಿ ಮಲಗಿದ್ದಳು. ಅವನನ್ನು ಓಡಿಸಿದರೆ ಟೇಸಿ ಜೊತೆಗೆ ಹೋಗುವಂತಿರಲಿಲ್ಲ.

ಆ ಮಸೂದೆಯೇ ಅವನ ಕುತ್ತಿಗೆಗೆ ಬಂತು. ಬೆಳಿಗ್ಗೆ ಬೆಳಿಗ್ಗೆ ವೆಡರ್ಬಿ ಕಳಿಸಿದರೆಂಬ ಕುಶಲ ಸಮಾಚಾರ ಕೇಳಿ ಕೇಳಿ ಥರ್ಲೋ ಅವರಿಗೆ ಆಸಾಮಿ ಕರಗಿದ್ದಾನೆ ಎಂದು ಗಟ್ಟಿಯಾಗಿಬಿಟ್ಟಿತ್ತು. "ವೆಡರ್ಬಿ ವೋಟು ನನ್ನ ಜೇಬಲ್ಲಿದೆ," ಎಂದು ತಮ್ಮ ಪಕ್ಷದವರ ಮುಂದೆ ಎದೆ ತಟ್ಟಿಕೊಂಡರು. ವೆಡರ್ಬಿ ಸಭೆಯಲ್ಲಿ ಎದ್ದು ನಿಂತು ಮಸೂದೆಯನ್ನು ಹಿಗ್ಗಾಮುಗ್ಗಾ ಬೈದು, ಕನೆಕ್ಟಿಕಟ್ಟಿನ ಒಬ್ಬ ಸೆನೆಟರಿಗೆ ಪೌಡರ್ ಮಿದುಳಿಗೆ ಇಳಿದಿದೆ ಎಂದುಬಿಟ್ಟರು. ಸಭೆ ಬಿದ್ದು ಬಿದ್ದು ನಕ್ಕಿತು. ಮಸೂದೆ ಹೇಗೂ ಪಾಸಾಯಿತು. ಆದರೆ ಥರ್ಲೋ ಅವರ ಮರ್ಯಾದೆ ಮೂರು ಕಾಸಿಗೆ ಹೋಯಿತು.

ಮಾರನೆಯ ದಿನ ಅವರು ಕುರ್ಚಿಯಲ್ಲಿ ಕೂರಲಿಲ್ಲ. ಬಾಗಿಲು ಹಾಕಿ ನಿಂತರು.

"ಇಷ್ಟು ದಿನ ನಂಗೆ ಹೇಳಿದ್ಯಲ್ಲ, ಅದೆಲ್ಲ ಅವನು ಹೇಳಿದ್ದೋ, ನೀನು ಕಟ್ಟಿದ್ದೋ?"

ಲಬಾರ್ತ್ ಆಗಲೇ ಒರೆಸಿದ್ದ ಕ್ಷೌರದ ಕತ್ತಿಯನ್ನು ಮತ್ತೆ ಒರೆಸಿದ.

"ಕೇಳು. ನಾಳೆ ನನ್ನ ಕೋಣೆಗೆ ಬಾ. ನಮ್ಮವರು ನಾಲ್ಕು ಜನ ಇರ್ತಾರೆ. ಆ ಮಾತೆಲ್ಲ ವೆಡರ್ಬಿಯೇ ಹೇಳಿ ಕಳಿಸಿದ್ದು ಅಂತ ಅವರ ಮುಂದೆ ಹೇಳು. ಅವನು ಮಾತಿಗೆ ತಪ್ಪಿದೋನು ಅಂತಾಗುತ್ತೆ, ನಾನು ಪೆದ್ದ ಅಂತಾಗಲ್ಲ. ನಿನ್ನ ಪರವಾಗಿ ಅಧ್ಯಕ್ಷರ ಹತ್ರ ಒಂದು ಮಾತು ಆಡ್ತೀನಿ, ನೀನಿಲ್ಲಿ ಹಾಯಾಗಿರು. ಇಲ್ಲ, ನಾನೇ ಕಟ್ಟಿದೆ ಅಂತೀಯಾ? ಹಾಗಾದ್ರೆ ಕಾಂಗ್ರೆಸ್ಸಿನವರ ತಲೆ ಕೆಡಿಸೋಕೆ ಫ್ರಾನ್ಸ್ ಬಿಟ್ಟ ಗೂಢಚಾರ ನೀನು. ಯೋಚನೆ ಮಾಡು."

ಲಬಾರ್ತ್ ಅಂಗಡಿ ಬಿಟ್ಟು ವೆಡರ್ಬಿ ಇದ್ದ ಊಟ ವಸತಿಯ ಮನೆಗೆ ಓಡಿದ. ವರ್ಜೀನಿಯಾದವರು ಹಂದಿ ತೊಡೆಯ ಮಾಂಸ ಕೊಯ್ದುಕೊಂಡು ಕೂತಿದ್ದರು. ವೆಡರ್ಬಿ ಅವನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಎಲ್ಲ ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ಕಿವಿಯೆಲ್ಲ ಕೆಂಪಾಯಿತು.

"ಫ್ಲಾನೆಲ್ ಸುತ್ಕೋ ಅಂದೆನಾ ನಾನು? ಆ ಮುದಿಗೂಬೆಗೆ? ನಮ್ಮ ರಿಚ್ಮಂಡಿನಲ್ಲಿ ಗೊತ್ತಾದ್ರೆ ನನ್ನ ಮುಖಕ್ಕೆ ಉಗೀತಾರೆ ಕಣೋ! ನೋಡು, ನಾಳೆ ಹಾಗೆ ಸಾಕ್ಷಿ ಹೇಳಿದ್ಯೋ, ಗಿಡಿಯನ್ನನ್ನ ನದಿಯಾಚೆ ಜರ್ಸಿಗೆ ದ್ವಂದ್ವಯುದ್ಧಕ್ಕೆ ಕರೀತೀನಿ. ಪಿಸ್ತೂಲೇ ಮಾತಾಡಲಿ. ಅವನಿಗೆ ನೆಟ್ಟಗೆ ನಿಲ್ಲೋಕೆ ಕಾಲಿಲ್ಲ, ನಂಗೆ ಗುರಿ ತಪ್ಪಲ್ಲ."

ಹೌದೆಂದರೆ ಒಂದು ಹೆಣ, ಅಲ್ಲವೆಂದರೆ ಹಡಗು. ಬರುವಾಗ ಲಬಾರ್ತನಿಗೆ ದಾರಿಯೇ ಕಾಣಲಿಲ್ಲ. ಮನೆಗೆ ಬಂದು ಮೆಟ್ಟಿಲ ಮೇಲೆ ಕೂತ.

ಟೇಸಿ ಅಮ್ಮನಿಗೆ ಗಂಜಿ ಕುಡಿಸಿ ಕೆಳಗೆ ಬಂದಳು. ಎಲ್ಲ ಕೇಳಿಸಿಕೊಂಡಳು. ಬಯ್ಯುತ್ತಾಳೆ ಎಂದುಕೊಂಡ. ಅವಳು ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡಳು.

"ನಿಜ ಹೇಳಿಬಿಡು. ಒಬ್ಬರ ಸಾವು ತಂದು ನಾವಿಲ್ಲಿ ಉಣ್ಣೋದು ಬೇಡ."

"ನೀನೊಬ್ಬಳೇ ಹೇಗೆ ಇರ್ತೀಯೇ?"

"ಗೊತ್ತಿಲ್ಲ ಎಟಿಯೆನ್. ಭಯ ಆಗ್ತಿದೆ," ಎಂದಳು. ಆದರೂ ನಿಜವನ್ನೇ ಹೇಳುತ್ತೇನೆಂದು ಅವನು ಮಾತು ಕೊಟ್ಟ.

ಮಾರನೆಯ ಬೆಳಿಗ್ಗೆ ಥರ್ಲೋ ಅವರ ಕೋಣೆಯಲ್ಲಿ ನಾಲ್ಕು ಪೌಡರ್ ತಲೆಗಳು ಸಾಲಾಗಿ ಕೂತಿದ್ದವು. ಕರೆಯದೆಯೇ ವೆಡರ್ಬಿಯೂ ಬಂದರು, ಪಿಸ್ತೂಲಿನ ಪೆಟ್ಟಿಗೆ ಕಂಕುಳಲ್ಲಿ. ಎಷ್ಟೋ ಕಾಲದ ಮೇಲೆ ಇಬ್ಬರೂ ಒಂದೇ ಕೋಣೆಯಲ್ಲಿ ನಿಂತದ್ದು. ಮುಖಕ್ಕೆ ಮುಖ ಕೊಡಲಿಲ್ಲ, ಇಬ್ಬರೂ ಲಬಾರ್ತನನ್ನೇ ನೋಡುತ್ತಿದ್ದರು.

"ನಾನೇ ಕಟ್ಟಿದ್ದು ಸ್ವಾಮಿ," ಎಂದ ಲಬಾರ್ತ್. "ಇವರು ಅವರಿಗೇನೂ ಹೇಳಿ ಕಳಿಸಿಲ್ಲ, ಅವರು ಇವರಿಗೇನೂ ಹೇಳಿ ಕಳಿಸಿಲ್ಲ. ನೀವಿಬ್ರೂ ಮೊದಲಿನ ಹಾಗಾಗಲಿ ಅಂತ ಮಾಡಿದೆ. ಯಾರೂ ನನ್ನನ್ನ ಗೂಢಚಾರ ಅಂತ ಬಿಟ್ಟಿಲ್ಲ."

ಥರ್ಲೋ ಸುಣ್ಣದ ಗೋಡೆಯಂತೆ ಬೆಳ್ಳಗಾದರು. ನಾಲ್ಕು ಜನರ ಮುಂದೆ ಪೆದ್ದನಾದದ್ದು ಪೆದ್ದನಾದದ್ದೇ. ಆಗ ವೆಡರ್ಬಿ ಗಂಟಲು ಸರಿಮಾಡಿಕೊಂಡು, ಅವರತ್ತ ತಿರುಗದೆಯೇ ಕೇಳಿದರು:

"ಹಾಗಾದ್ರೆ ಯುದ್ಧದಲ್ಲಿ ನಾನು ಹೆದರಿ ಗಾಡಿ ಕೆಳಗೆ ಅಡಗಿದ್ದೆ ಅಂತ ಊರೆಲ್ಲ ಹಬ್ಬಿತಲ್ಲ, ಅದು?"

ಅದನ್ನು ಹಬ್ಬಿಸಿದವರು ಥರ್ಲೋ. ಲಬಾರ್ತನ ಕುರ್ಚಿಯಲ್ಲೇ ಕೂತು, ಅವನ ಕಿವಿಯೆದುರಿಗೇ, ಇನ್ನಿಬ್ಬರು ಗಿರಾಕಿಗಳಿಗೆ ನಕ್ಕು ನಕ್ಕು ಹೇಳಿದ್ದರು. ಲಬಾರ್ತ್ ಆ ಮಾತನ್ನು ಯಾರಿಗೂ ದಾಟಿಸಿರಲಿಲ್ಲ.

ಥರ್ಲೋ ಅರೆಗಳಿಗೆಯೂ ತಡಮಾಡಲಿಲ್ಲ. "ಅದೂ ಇವನ ಕೆಲಸವೇ ಆಂಬ್ರೋಸ್! ನಾನು ನಿನ್ನ ಬಗ್ಗೆ ಹಾಗಂತೀನಾ?"

ವೆಡರ್ಬಿ ಪೆಟ್ಟಿಗೆಯ ಚಿಲಕದ ಮೇಲೆ ಬೆರಳಿಟ್ಟುಕೊಂಡೇ ಲಬಾರ್ತನ ಕಡೆ ನೋಡಿದರು. "ಏನಯ್ಯಾ?"

ಅಲ್ಲ ಎಂದರೆ ಚಿಲಕ ತೆರೆಯುತ್ತದೆ. ನಿಜ ಹೇಳುತ್ತೇನೆಂದು ಹೆಂಡತಿಗೆ ಮಾತು ಕೊಟ್ಟು ಬಂದವನು ಆ ಬೆರಳನ್ನೇ ನೋಡಿದ. "ಹೌದು ಸ್ವಾಮಿ," ಎಂದ. "ಅದೂ ನಾನೇ."

"ಥೂ, ನಿನ್ನ!" ಎಂದರು ವೆಡರ್ಬಿ. ಆಮೇಲೆ ಪೆಟ್ಟಿಗೆ ಮೇಜಿನ ಮೇಲಿಟ್ಟು, "ಲೋ ಗಿಡಿಯನ್, ಒಬ್ಬ ಹಜಾಮ ನಮ್ಮಿಬ್ಬರನ್ನ ಇಷ್ಟು ವರ್ಷ ಆಟ ಆಡಿಸಿದನಲ್ಲೋ!" ಎಂದು ನಗತೊಡಗಿದರು. ಥರ್ಲೋ ಕುಂಟುತ್ತ ಬಂದು ಅವರ ಹೆಗಲಿಗೆ ಕೈ ಹಾಕಿದರು. ಮದೀರಾ ವೈನು ಬಂತು. ಎರಡೂ ಪಕ್ಷಗಳ ತಲೆಗಳು ಒಟ್ಟಿಗೆ ಅಲ್ಲಾಡಿದವು. ಬಾಗಿಲ ಬಳಿ ನಿಂತಿದ್ದ ಲಬಾರ್ತನಿಗೆ ಹೋಗು ಎಂದೂ ಯಾರೂ ಹೇಳಲಿಲ್ಲ.

ಬೋರ್ಡೋಗೆ ಹೋಗುವ ಹಡಗು ಆ ವಾರವೇ ಇತ್ತು. ಗಡಿಪಾರಿನ ಆಜ್ಞೆಗೆ ಅಧ್ಯಕ್ಷರ ರುಜು ಬೀಳುವ ಮುಂಚೆ ತಾನೇ ಹೊರಟುಬಿಟ್ಟರೆ ಜೈಲಿನ ತಂಟೆಯಿರುವುದಿಲ್ಲವೆಂದು ಥರ್ಲೋ ಹೇಳಿ ಕಳಿಸಿದರು. ಅದೊಂದು ಉಪಕಾರವಂತೆ! ಹೊರಡುವ ದಿನ ಬೆಳಿಗ್ಗೆ ಇಬ್ಬರೂ ಒಬ್ಬರ ತೋಳಿಗೆ ಒಬ್ಬರು ತೋಳು ಸೇರಿಸಿಕೊಂಡು ಅಂಗಡಿಗೆ ಬಂದರು. ಮಧ್ಯಾಹ್ನ ಅವರಿಬ್ಬರ ರಾಜಿಗೆ ಔತಣವಿತ್ತು, ಊರಿನಲ್ಲಿ ಇಷ್ಟು ಚೆನ್ನಾಗಿ ಕ್ಷೌರ ಮಾಡುವ ಕೈ ಇನ್ನೊಂದಿರಲಿಲ್ಲ. ನಾಚಿಕೆಯಿಲ್ಲದ ಜನ. ಇವನಾದರೂ ಆಗಲ್ಲ ಎಂದನೇ? ನೀರು ಕಾಯಿಸಿದ.

ಥರ್ಲೋ ಅವರ ಗಲ್ಲಕ್ಕೆ ನೊರೆ ಹಚ್ಚುತ್ತ ಮೆಲ್ಲಗೆ ಕೇಳಿದ. "ಸ್ವಾಮಿ, ನೀವಿಬ್ರೂ ಒಂದಾದ್ರಲ್ಲ. ಇಬ್ರೂ ಸೇರಿ ಒಂದು ಮಾತು ಹೇಳಿದ್ರೆ ನಾನು ಉಳೀತೀನಿ. ಅತ್ತೆ ಹಾಸಿಗೆ ಹಿಡಿದಿದಾರೆ. ಟೇಸಿ ಬರೋ ಹಾಗಿಲ್ಲ."

"ನೋಡಯ್ಯಾ," ಎಂದರು ಥರ್ಲೋ, ಬೇಸರದಿಂದಲೇ. "ಆಂಬ್ರೋಸನಿಗೂ ನಂಗೂ ಬ್ಯಾಂಕಿನ ವಿಷಯದಲ್ಲಿ ಒಪ್ಪಿಗೆ ಇಲ್ಲ, ಸೈನ್ಯದ ವಿಷಯದಲ್ಲಿ ಇಲ್ಲ, ಫ್ರಾನ್ಸಿನ ವಿಷಯದಲ್ಲಂತೂ ಇಲ್ವೇ ಇಲ್ಲ. ನಿನ್ನೊಬ್ಬನ ವಿಷಯದಲ್ಲಿ ಮಾತ್ರ ನಮ್ಮದು ಒಂದೇ ಮಾತು. ಅದನ್ನೂ ಕೆಡಿಸಬೇಡ."

ಮೆಟ್ಟಿಲ ಮೇಲಿದ್ದ ಟೇಸಿ ಇಳಿದು ಬಂದಳು. ಗಂಡ ಆ ಕೋಣೆಯಲ್ಲಿ ಏನಾಯಿತೆಂದು ಅವಳಿಗೆ ಅಷ್ಟೂ ಹೇಳಿದ್ದ.

"ಗಿಡಿಯನ್ ಥರ್ಲೋ, ಗಾಡಿ ಕೆಳಗೆ ಅಡಗಿದ ಕತೆ ಹೇಳಿದ್ದು ನೀನು. ಈ ಕುರ್ಚಿಯಲ್ಲೇ ಕೂತು ಹೇಳಿದ್ದು, ಒಳಗಿದ್ದ ನನಗೂ ಕೇಳಿಸ್ತು. ಆಂಬ್ರೋಸ್ ವೆಡರ್ಬಿ, ಪೆಟ್ಟಿಗೆ ಮೇಲೆ ನಿನ್ನ ಕೈ ಇತ್ತು ಅಂತ ನನ್ನ ಗಂಡ ಅದನ್ನ ತನ್ನ ತಲೆ ಮೇಲೆ ಹಾಕ್ಕೊಂಡ. ಈಗ ನಿಮ್ಮಿಬ್ಬರಿಗೂ ಗೊತ್ತಾಯ್ತು. ಇನ್ನಾದ್ರೂ ಅವನನ್ನ ಬಿಡಿ."

ಲಬಾರ್ತನ ಕತ್ತಿ ಥರ್ಲೋ ಅವರ ಗಂಟಲ ಮೇಲೆ ನಿಂತಿತು. ಗೆಳೆಯರಿಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿದರು. ವೆಡರ್ಬಿಗೆ ಅದು ಹೊಸ ಸುದ್ದಿಯಾಗಿರಲಿಲ್ಲವೆಂದು ಲಬಾರ್ತನಿಗೆ ಆ ಮುಖದಲ್ಲೇ ಗೊತ್ತಾಯಿತು. ಆ ಕೋಣೆಯಲ್ಲಿ ಕೇಳಿದಾಗಲೂ ಅವರಿಗೆ ಗೊತ್ತೇ ಇತ್ತು. ಹಳೆಯ ಗೆಳೆಯ ಬೇಕಾಗಿತ್ತು, ಅದಕ್ಕೊಂದು ನೆಪ ಬೇಕಾಗಿತ್ತು, ಅಷ್ಟೆ.

"ಬೇಗ ಮುಗಿಸಯ್ಯಾ," ಎಂದರು ವೆಡರ್ಬಿ, ಕಣ್ಣು ತಪ್ಪಿಸಿ. "ಔತಣಕ್ಕೆ ಹೊತ್ತಾಯ್ತು."

ಲಬಾರ್ತ್ ಮುಗಿಸಿದ. ಮೊದಲು ಥರ್ಲೋ, ಆಮೇಲೆ ವೆಡರ್ಬಿ. ಎಲ್ಲೂ ಒಂದು ಗೀರು ಬೀಳಲಿಲ್ಲ. ಅವರು ಹೋದ ಮೇಲೆ ಟೇಸಿ ಅವನನ್ನು ಬಿಗಿಯಾಗಿ ಹಿಡಿದುಕೊಂಡು ಅತ್ತಳು. ಮೇಲಿಂದ ಅವಳ ಅಮ್ಮ ನೀರು ಬೇಕೆಂದು ಗೋಡೆ ತಟ್ಟುತ್ತಿದ್ದಳು. ಲಬಾರ್ತ್ ತಾನೇ ಹೋಗಿ ನೀರು ಕುಡಿಸಿ, ಬೇಗ ಬರುತ್ತೇನೆಂದು ಮುದುಕಿಗೆ ಹೇಳಿ, ಗಂಟು ಹೊತ್ತು ಹೊರಟ.